ಐದು ನಿಮಿಷದ ಬೀಗ

ಪ್ರೊಫೆಸರರು ತಮ್ಮ ಸಂಶೋಧನಾ ವಿದ್ಯಾರ್ಥಿನಿಯ ಬೆನ್ನ ಹಿಂದೆ ನಿಂತು ವಿಭಾಗದ ಲಿನಕ್ಸ್ ಕಂಪ್ಯೂಟರಿನತ್ತ ಬೆರಳು ತೋರಿಸಿದರು.

"ಐದು ನಿಮಿಷ ಯಾರೂ ಮುಟ್ಟದಿದ್ರೆ ಸ್ಕ್ರೀನ್ ಸೇವರ್ ಬಂದು ಲಾಕ್ ಆಗ್ಬೇಕಮ್ಮ. ನನ್ನ ಕೆಲ್ಸ ಯಾರಾದ್ರೂ ಕದ್ದುಬಿಟ್ಟಾರು."

ನನ್ನ ಕೆಲಸವಂತೆ! ಊರಿನ ಇನ್ನೂರ ಹದಿನಾರು ಹಳೇ ಬಾವಿಗಳನ್ನು ಮೂರು ವರ್ಷ ಬಿಸಿಲಲ್ಲಿ ಅಲೆದು ಹುಡುಕಿದವಳು ಅವಳು. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಆಳ ಅಳೆದವಳು, ಕೇರಿಯ ಅಜ್ಜಿಯರನ್ನು ಕಾಡಿ ಬೇಡಿ ಒಂದೊಂದು ಬಾವಿಯ ಹೆಸರನ್ನೂ ಕೇಳಿಕೊಂಡು ನಕ್ಷೆ ಬರೆದವಳು ಅವಳು. ನಾಳೆಯ ಸಭೆಗೆ ಸಿದ್ಧವಾದ ಆ ನಕ್ಷೆಯ ಮೇಲೆ ಇದ್ದದ್ದು ಪ್ರೊಫೆಸರರೊಬ್ಬರದೇ ಹೆಸರು.

"ಸರ್, ನನ್ನ ಹೆಸರು?"

"ಜಾಗ ಎಲ್ಲಿದೆ ಹೇಳು? ಕೊನೇಲಿ ಬಾಯಲ್ಲಿ ಹೇಳ್ತೀನಿ ಬಿಡು."

ಅವಳ ಮೈಯೆಲ್ಲ ಉರಿದುಹೋಯಿತು. ಹಲ್ಲು ಕಚ್ಚಿಕೊಂಡು ಐದು ನಿಮಿಷ ಎಂದು ಒತ್ತಿದಳು, ಈಜುವ ಮೀನುಗಳ ಚಿತ್ರ ಆರಿಸಿದಳು, ಹೊಸ ಪಾಸ್‌ವರ್ಡ್ ಹಾಕಿದಳು. ಅದೇನೆಂದು ಕೇಳುವ ವ್ಯವಧಾನ ಅವರಿಗಿರಲಿಲ್ಲ.

ಮರುದಿನ ಆ ಕಂಪ್ಯೂಟರು ಸಭಾಂಗಣಕ್ಕೆ ಹೋಯಿತು. ಅವಳಿಗೆ ಸಿಕ್ಕಿದ್ದು ಕಟ್ಟಕಡೆಯ ಸಾಲು. ಪ್ರೊಫೆಸರರು ವೇದಿಕೆಯ ಹನ್ನೊಂದು ಮಂದಿ ಗಣ್ಯರನ್ನೂ ಬಿರುದು ಸಮೇತ ಹೊಗಳಿ ತಿರುಗುವಷ್ಟರಲ್ಲಿ, ದೊಡ್ಡ ಪರದೆಯ ತುಂಬ ಮೀನುಗಳು ಈಜುತ್ತಿದ್ದವು. ಗುಂಡಿ ಒತ್ತಿದರೆ ಪಾಸ್‌ವರ್ಡ್ ಕೇಳಿತು.

"ಏ ಹುಡುಗಿ, ಏನಿಟ್ಟಿದೀಯ ಪಾಸ್‌ವರ್ಡು?" ಎಂದು ಮೈಕಿನಲ್ಲೇ ಗದರಿದರು.

ಅವಳು ಎದ್ದು ನಿಂತಳು.

"ನಕ್ಷೆಯ ಮೊದಲನೇ ಬಾವಿಯ ಹೆಸರು ಸರ್. ನಿಮ್ಮದೇ ಕೆಲ್ಸ ಅಲ್ವಾ, ಟೈಪ್ ಮಾಡಿ."