ಮಾಸ್ತಮ್ಮ ಆರಿಸಿದ ಲೋಟ

ಬಿಸಿ ಹಾಲು ಬಿದ್ದ ಕೂಡಲೇ ಕೆಂಪು ಪ್ಲಾಸ್ಟಿಕ್ ಲೋಟ ಒಂದು ಕಡೆಗೆ ವಾಲಿಕೊಂಡಿತು. ವಾಗ್ದೇವಿ ಅದನ್ನು ಮೂಗಿನ ಹತ್ತಿರ ಹಿಡಿದಳು. ರಬ್ಬರ್ ಬಳೆ ಸುಟ್ಟ ವಾಸನೆ. ಒಂದು ಗುಟುಕು ತಾನೇ ಕುಡಿದು ನೋಡಿದಳು. ಹಾಲಿನ ರುಚಿಯೊಂದನ್ನು ಬಿಟ್ಟು ಬೇರೆಲ್ಲ ಇತ್ತು. ಶಾಲೆಗೆ ಹಾಲಿನ ಪುಡಿ ಬರುತ್ತದೆಂದು ಕೇಳಿ ಸಾಗರದ ಸಾಹುಕಾರರೊಬ್ಬರು ಪ್ರೀತಿಯಿಂದ ಕಳಿಸಿದ್ದ ಮೂವತ್ತಾರು ಲೋಟಗಳು ಹಾಗೆಯೇ ಪೆಟ್ಟಿಗೆಗೆ ವಾಪಸಾದವು.

ಹೊಸನಗರದ ಹತ್ತಿರದ ಆ ಒಂದೇ ಕೋಣೆಯ ಶಾಲೆಗೆ ವಾಗ್ದೇವಿ ಒಬ್ಬಳೇ ಅಕ್ಕೋರು. ಹಟ ಹಿಡಿದರೆ ಬಿಡುವವಳಲ್ಲ. ಭಾನುವಾರವಿಡೀ ಕೂತು ತೆಂಗಿನ ಕರಟಗಳನ್ನು ಗಾಜಿನ ಚೂರಿನಿಂದ ಹೆರೆದಳು, ಎಣ್ಣೆ ಸವರಿದಳು. ಮಕ್ಕಳ ಬಾಯಿಗೆ ಸಿಬಿರು ತಾಗಬಾರದೆಂದು ಒಂದೊಂದರ ಅಂಚನ್ನೂ ತನ್ನ ತುಟಿಗೇ ಉಜ್ಜಿ ನೋಡಿದಳು. ವಾಸನೆಯಿಲ್ಲ, ವಿಷವಿಲ್ಲ, ಬಿಸಿಗೆ ಬಾಗುವ ಭಯವಿಲ್ಲ. ತನ್ನ ಜಾಣತನಕ್ಕೆ ತಾನೇ ಸ್ವಲ್ಪ ಬೀಗಿದ್ದೂ ಉಂಟು. ಬೀಗಲಿ ಬಿಡಿ, ಅಷ್ಟು ಕೆಲಸ ಮಾಡಿದವಳು ಬೀಗಬಾರದೆ?

ಸೋಮವಾರ ಮಕ್ಕಳೆಲ್ಲ ಕರಟದಲ್ಲಿ ಹಾಲು ಕುಡಿದರು, ಹೂವಿಯೊಬ್ಬಳನ್ನು ಬಿಟ್ಟು. ಜ್ವರದಿಂದ ಎದ್ದು ಬಂದಿದ್ದ, ಕೈಕಾಲು ಕಡ್ಡಿಯಾಗಿದ್ದ ಹುಡುಗಿ. ಎಲ್ಲರಿಗಿಂತ ಹೆಚ್ಚು ಹಾಲು ಬೇಕಾಗಿದ್ದುದು ಅವಳಿಗೇ. ಮೂರು ದಿನವೂ ಕೈಯನ್ನು ಹಿಂದೆ ಕಟ್ಟಿಕೊಂಡು ನಿಂತಳು. ನಾಲ್ಕನೆಯ ದಿನ ಅವಳ ತಾಯಿ ಮಾಸ್ತಮ್ಮ, ಒಡೆಯರ ಗದ್ದೆಯ ಕೆಲಸ ಬಿಟ್ಟು, ಶಾಲೆಯ ಬಾಗಿಲಿಗೆ ಬಂದಳು.

"ಕುಡಿಬ್ಯಾಡ ಅಂತ ನಾನೇ ಹೇಳಿದ್ದು, ಅಕ್ಕೋರೇ."

"ಎಂತಕ್ಕೆ ಮಾಸ್ತಮ್ಮ? ಮಗು ಮುಖ ನೋಡಿದ್ಯಾ? ಹಾಲು ಒಳ್ಳೇದು, ಕರಟನೂ ಒಳ್ಳೇದು. ನಾನೂ ಅದ್ರಲ್ಲೇ ಕುಡಿತೀನಿ."

"ಹಾಲು ಬ್ಯಾಡ ಅಂದಿಲ್ಲ. ಒಡೇರ ಮನೆ ಹಿತ್ಲಲ್ಲಿ ನಮ್ಮತ್ತೆ ಕರಟದಲ್ಲೇ ಕಾಫಿ ಕುಡಿದ್ರು. ನಾನೂ ಅದ್ರಲ್ಲೇ ಕುಡಿತಿದೀನಿ. ಮಾಡಿನ ಸಂದಿಗೆ ಸಿಕ್ಸಿಟ್ಟಿರ್ತಾರೆ. ನಾವೇ ತಗೀಬೇಕು, ನಾವೇ ತೊಳ್ದಿಡ್ಬೇಕು. ಈ ಹುಡುಗಿ ಕೈಗೆ ಅದು ಬರಬಾರ್ದು ಅಂತ್ಲೇ ಶಾಲೆಗೆ ಕಳ್ಸಿದ್ದು." ಮಾಸ್ತಮ್ಮ ಉಸಿರು ತೆಗೆದುಕೊಂಡಳು. "ನೀವು ಆರಿಸ್ಕಂಡು ಕರಟದಲ್ಲಿ ಕುಡಿತೀರಿ, ಅಕ್ಕೋರೇ. ನಮಗೆ ಹಂಗಲ್ಲ."

ವಾಗ್ದೇವಿಗೆ ಮುಖ ಎತ್ತಲಾಗಲಿಲ್ಲ. ತೀರ್ಥಹಳ್ಳಿಯ ತವರುಮನೆಯ ಹಿತ್ತಿಲಲ್ಲೂ ಅಂಥ ಕರಟಗಳ ಸಾಲು ಇತ್ತು. ಹುಟ್ಟಿದಂದಿನಿಂದ ಕಂಡದ್ದೇ. ಮೂವತ್ತಾರು ಕರಟ ಹೆರೆಯುವಾಗ ಒಮ್ಮೆಯಾದರೂ ಅದು ನೆನಪಿಗೆ ಬಾರದೆ ಹೋಯಿತಲ್ಲ ಎಂದು ನಾಚಿಕೆಯಾಯಿತು. ಸಿಟ್ಟು ಮಾಡಿಕೊಂಡು ಒಳಗೆ ಹೋಗಿಬಿಡಬಹುದಿತ್ತು. ಆ ಕಾಲದಲ್ಲಿ ಯಾರೂ ಅದನ್ನು ತಪ್ಪೆನ್ನುತ್ತಿರಲಿಲ್ಲ. ಅವಳು ಒಳಗೆ ಹೋದದ್ದು ಪ್ಲಾಸ್ಟಿಕ್ ಲೋಟವೊಂದನ್ನು ತರಲು. ಮಾಸ್ತಮ್ಮನ ಎದುರಿಗೇ ಅದಕ್ಕೆ ಬಿಸಿ ಹಾಲು ಹೊಯ್ದಳು.

"ಇದೊಂದು ಇದೆ. ನೀನೇ ನೋಡಿ ಹೇಳು."

ಮಾಸ್ತಮ್ಮ ಮೂಸಿದಳು. "ಥೂ! ಚೆಂದ ಕಂಡ್ರಾಯ್ತಾ? ಮಕ್ಳ ಹೊಟ್ಟೆಗೆ ಹೋಗಾದು. ಬ್ಯಾಡ."

"ಮತ್ತೆ ಯಾತ್ರಲ್ಲಿ ಕೊಡ್ಲಿ?"

ಮಾಸ್ತಮ್ಮ ಲೋಟವನ್ನು ವಾಪಸು ಕೊಟ್ಟಳು. "ನಿಮ್ಮ ಮನೇಲಿ ನಿಮ್ಮ ಮಕ್ಳು ಯಾತ್ರಲ್ಲಿ ಕುಡಿತಾವೆ?"

ಚುಚ್ಚಲು ಕೇಳಿದ್ದಲ್ಲ, ತಿಳಿದುಕೊಳ್ಳಲು ಕೇಳಿದ್ದು. ಓದು ಬರಹ ಬಾರದ ಆ ಹೆಂಗಸಿನ ಪ್ರಶ್ನೆಗೆ ಕೈ ಮುಗಿಯಬೇಕು. ಭಾನುವಾರವಿಡೀ ಹುಡುಕಿದ ಉತ್ತರ ವಾಗ್ದೇವಿಯ ಅಡುಗೆಮನೆಯಲ್ಲೇ ಇತ್ತು.

"ಕಂಚಿನ ಲೋಟದಲ್ಲಿ," ಎಂದಳು ವಾಗ್ದೇವಿ ಮೆಲ್ಲಗೆ.

"ಅದಾಗ್ತದೆ," ಎಂದಳು ಮಾಸ್ತಮ್ಮ.

ಮರುದಿನ ಆರು ಕಂಚಿನ ಲೋಟಗಳು ಕೈಚೀಲದಲ್ಲಿ ಶಾಲೆಗೆ ಬಂದವು. ಮನೆಯಲ್ಲಿದ್ದುದೇ ಅಷ್ಟು. ಆರು ಮಕ್ಕಳು ಕುಡಿಯುವುದು, ಬೂದಿ ಹಾಕಿ ಬಿಸಿನೀರಲ್ಲಿ ತೊಳೆಯುವುದು, ಮತ್ತೆ ಆರು ಮಕ್ಕಳು. ಒಂದು ಪಾಠ ಪೂರ್ತಿ ಅದಕ್ಕೇ ಹೋಗುತ್ತದೆ, ಊರಲ್ಲಿ ಮಾತೂ ಬರುತ್ತದೆ. ವಾಗ್ದೇವಿಗೆ ಎರಡೂ ಗೊತ್ತಿತ್ತು. ಮೊದಲ ಆರರಲ್ಲಿ ಹೂವಿ ಇದ್ದಳು. ಅವಳ ಹಿಂದೆ, ಅದೇ ಲೋಟಕ್ಕೆ ಕಾಯುತ್ತ, ಒಡೆಯರ ಮನೆಯ ಮೊಮ್ಮಗಳು ನಿಂತಿದ್ದಳು. ಮಾಸ್ತಮ್ಮ ಹೊಸ್ತಿಲ ಆಚೆ ನಿಂತು ನೋಡುತ್ತಿದ್ದಳು.

ಹೂವಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯನ್ನು ಹಿಂದಕ್ಕೆ ಬಾಗಿಸಿ, ಬಾಯಿಂದ ಗೇಣು ಮೇಲೆ ಎತ್ತಿ ಹೊಯ್ದುಕೊಂಡಳು. ಅರ್ಧ ಹಾಲು ಗದ್ದಕ್ಕೆ, ಎದೆಗೆ ಚೆಲ್ಲಿತು. ಎತ್ತಿ ಕುಡಿ, ಕಚ್ಚಬೇಡ ಎಂದು ಯಾರ ಮನೆಯಲ್ಲಿ ಮಕ್ಕಳಿಗೆ ಹೇಳುವುದಿಲ್ಲ? ಆ ಬೆಳಿಗ್ಗೆ ವಾಗ್ದೇವಿಯೇ ತನ್ನ ಮಕ್ಕಳಿಗೆ ಹೇಳಿ ಬಂದಿದ್ದಳು. ಇನ್ನೊಬ್ಬರ ಮನೆಯ ಪಾತ್ರೆಗಂತೂ ತುಟಿ ತಾಗಿಸಲೇ ಕೂಡದೆಂದು ಹೂವಿಗೆ ಅವಳ ತಾಯಿ ಬೈದು ಕಲಿಸಿದ್ದಳು.

"ಎತ್ತಬೇಡ ಹೂವಿ," ಎಂದಳು ವಾಗ್ದೇವಿ. "ಕಚ್ಚಿ ಕುಡಿ."

ಹುಡುಗಿ ಹೆದರಿ ಬಾಗಿಲ ಕಡೆ ನೋಡಿದಳು. ಮಾಸ್ತಮ್ಮ ಒಡೆಯರ ಮೊಮ್ಮಗಳನ್ನು ನೋಡಿದಳು, ಅಕ್ಕೋರನ್ನು ನೋಡಿದಳು.

"ಕಚ್ಚಿ ಕುಡಿ ಅಂದೆ," ಎಂದಳು ವಾಗ್ದೇವಿ, ಈ ಸಲ ಇಡೀ ಶಾಲೆಗೆ ಕೇಳುವಂತೆ.

ಮಾಸ್ತಮ್ಮ ಮಗಳ ಕಡೆ ತಿರುಗಿದಳು. ಆಗಲಿ ಎಂದು ತಲೆ ಆಡಿಸಿದಳು.

ಹೂವಿಯ ಮುಂಬಲ್ಲು ಕಂಚಿಗೆ ತಾಗಿ ಟಿಣ್ ಎಂದಿತು.