ಮೇಲಿನ ಬಾಲ್ಕನಿಯ ಅಂಕಲ್

ನಿಹಾಲ್ ಸಿಗರೇಟನ್ನು ತಟಕ್ಕನೆ ಅಂಗೈಯಲ್ಲಿ ಮರೆಮಾಡಿದ. ಆದರೆ ಗಾಂಜಾದ ಹೊಗೆ ನೆಟ್ಟಗೆ ಮೇಲಿನ ಬಾಲ್ಕನಿಗೆ ಏರಿತು. ಅಲ್ಲಿಂದ ಶೇಷಾದ್ರಿ ಅಂಕಲ್ ಬಗ್ಗಿ ನೋಡುತ್ತಿದ್ದರು.

ಅಂಕಲ್ ಎದೆ ತುಂಬ ಉಸಿರೆಳೆದುಕೊಂಡರು. "ಆಹಾ! ಗಾಳಿ ಎಷ್ಟು ಚೆನ್ನಾಗಿದೆ, ಅಲ್ವೇನೋ?"

ಅಷ್ಟರಲ್ಲಿ ಅವರ ಅಡುಗೆಮನೆಯಲ್ಲಿ ಹೊಗೆ ಅಲಾರಂ ಬಡಿದುಕೊಂಡಿತು. "ಅಯ್ಯೋ, ಹುಳಿ!" ಎಂದು ಒಳಗೋಡಿದರು. ಆ ಮನೆಯಲ್ಲಿ ಅದು ವಾರಕ್ಕೆರಡು ಸಲ ಇದ್ದದ್ದೇ.

ಅದು 2016ರ ಸೆಪ್ಟೆಂಬರ್. ನಿಹಾಲನಿಗೆ ಈ ಪರದೇಶದಲ್ಲಿ, ಸೋಲ್ನಾ ಊರಿನ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು. ಭದ್ರತಾ ತಪಾಸಣೆಯೊಂದು ಬಾಕಿ. ತಪಾಸಣೆಯ ಅಧಿಕಾರಿ ಗುನಿಲ್ಲಾ ಎರಡು ಪ್ರಶ್ನೆ ಕೇಳಿದ್ದರು. ಮಾದಕವಸ್ತು ಸೇವಿಸುತ್ತೀರಾ? ನಿಮ್ಮ ಗುಟ್ಟು ಹಿಡಿದುಕೊಂಡು ನಿಮ್ಮನ್ನು ಕುಣಿಸುವವರು ಯಾರಾದರೂ ಇದ್ದಾರಾ? ಪ್ರತಿ ಶನಿವಾರ ಸೇದುವ ಮಹಾರಾಯ ಎರಡಕ್ಕೂ "ಇಲ್ಲ" ಎಂದಿದ್ದ. ತನ್ನನ್ನು ಬಲ್ಲವರೆಂದು ಕೊಟ್ಟ ಹೆಸರು ಶೇಷಾದ್ರಿಯವರದೇ.

ಮರುವಾರ ಲಿಫ್ಟಿನಲ್ಲಿ ಅಂಕಲ್ ಹೆಗಲ ಮೇಲೆ ಕೈ ಹಾಕಿದರು. "ನಿನ್ ಆಫೀಸಿಂದ ಫೋನ್ ಬಂದಿತ್ತಪ್ಪ. ಏನ್ ಹೇಳ್ಬೇಕೋ ಅದನ್ನೇ ಹೇಳಿದೀನಿ. ಅಂದಹಾಗೆ, ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ನಿರೂಪಣೆ ನಿಂದೇ. ಇಲ್ಲ ಅನ್ನಲ್ಲ ತಾನೇ?"

ಇಲ್ಲ ಅನ್ನಲು ಧೈರ್ಯ ಎಲ್ಲಿಂದ ಬರಬೇಕು? ನಿರೂಪಣೆ ಮಾಡಿದ. ಕುರ್ಚಿ ಹೊತ್ತ. ದೀಪಾವಳಿಗೆ ಚಕ್ಕುಲಿ ಒತ್ತಿದ. ಜನ ಸಾಲದೆಂದು ಹೆಂಗಸರ ಜತೆ ಕೋಲಾಟಕ್ಕೂ ಇಳಿದ.

ಕೊನೆಗೆ ಒಂದು ದಿನ ಅಂಕಲ್, "ನಮ್ಮಣ್ಣನ ಮಗಳು ಕಾಂಚನಾ ಇಲ್ಲೇ ಪಕ್ಕದೂರು ಕಿಸ್ಟಾಗೆ ಬಂದಿದಾಳೆ. ಭಾನುವಾರ ಫಿಕಾಗೆ, ಅದೇ ಇಲ್ಲಿಯವರ ಕಾಫಿ-ತಿಂಡಿಗೆ ಬಾ, ನೋಡ್ಕೊಂಡು ಹೋಗು. ನಿನ್ ವಿಷಯ ನಂಗೆ ಗೊತ್ತಿಲ್ವಾ? ಬೇರೆಯವರಿಗೆ ಯಾಕೆ ಬಿಟ್ಕೊಡ್ಲಿ?" ಎಂದರು.

ನಿಹಾಲನ ಜೀವ ಬಾಯಿಗೆ ಬಂತು. ಮದುವೆಯವರೆಗೆ ಬಂತಲ್ಲ ಇದು! ಶುಕ್ರವಾರವೇ ಗುನಿಲ್ಲಾ ಮುಂದೆ ಕೂತು ಎಲ್ಲ ಕಕ್ಕಿಬಿಟ್ಟ. ಈಗಲೂ ಸೇದುತ್ತೇನೆ, ಅದನ್ನೇ ಹಿಡಿದುಕೊಂಡು ಒಬ್ಬರು ಬ್ಲ್ಯಾಕ್‌ಮೇಲ್ ಮಾಡುತ್ತಿದ್ದಾರೆ ಎಂದ.

ಗುನಿಲ್ಲಾ ನೆಟ್ಟಗೆ ಕೂತರು. "ಯಾವ ದೇಶದವರು?"

"ಕನ್ನಡ ಸಂಘದವರು."

"ಏನು ಮಾಡಿಸಿದರು?"

"ಕೋಲಾಟ."

ಗುನಿಲ್ಲಾ ನಗದೆ ಬರೆದುಕೊಂಡರು. ಈಗಲೂ ಸೇದುವವರನ್ನು, ಅದರಲ್ಲೂ ಸುಳ್ಳು ಹೇಳಿದವರನ್ನು ತೆಗೆದುಕೊಳ್ಳುವ ಹಾಗಿಲ್ಲ ಎಂದರು. "ಪಾಪ, ಶೇಷಾದ್ರಿಯವರು ನಿಮ್ಮನ್ನು ಅಪ್ಪಟ ಬಂಗಾರ ಅಂದಿದ್ದರು. ಸೋಮವಾರ ನೇಮಕದ ಪತ್ರ ಕಳಿಸುವುದಿತ್ತು."

ನಿಹಾಲ್ ಅಲ್ಲಿಂದ ನೇರ ಮನೆಗೆ ಬಂದ. ಸೀದಾ ಮೇಲಿನ ಮನೆಗೆ ಹತ್ತಿ ಬಾಗಿಲು ಬಡಿದ. "ಇನ್ನು ನಿಮ್ಮಾಟ ನಡೆಯಲ್ಲ ಅಂಕಲ್! ಅವತ್ತು ಬಾಲ್ಕನೀಲಿ ಗಾಂಜಾ ವಾಸನೆ ಹಿಡಿದ್ರಲ್ಲ, ನಾನೇ ಆಫೀಸಲ್ಲಿ ಹೇಳ್ಬಿಟ್ಟೆ. ಕೆಲಸಾನೂ ಹೋಯ್ತು. ಈಗ ಸಮಾಧಾನ ಆಯ್ತಾ?"

ಶೇಷಾದ್ರಿ ಕೈಯಲ್ಲಿ ಸೌಟು ಹಿಡಿದು ಬಾಯಿ ಬಿಟ್ಟುಕೊಂಡು ನಿಂತರು. ಅವರ ಬೆನ್ನ ಹಿಂದೆ ಒಲೆಯ ಮೇಲೆ ಹುಳಿ ಸೀದು ಕಪ್ಪು ಹೊಗೆ ಏಳುತ್ತಿತ್ತು.

"ಗಾಂಜಾನಾ? ಅಯ್ಯೋ ರಾಮ! ನಂಗೆ ವಾಸನೆ ಗೊತ್ತಾಗೋದು ನಿಂತು ಇಪ್ಪತ್ತು ವರ್ಷ ಆಯ್ತಲ್ಲೋ, ಆ ಅಲಾರಂ ಬಡ್ಕೊಳ್ದೆ ಹುಳಿ ಸೀದಿದ್ದೂ ತಿಳಿಯಲ್ಲ!"