ಊದದವನೇ ಉಸ್ತಾದ

ಹಾರ್ಡ್ ಬಾಪ್ ಎಂಬ ಶೈಲಿಯ ಜಾಝ್ ಸಂಗೀತದ ಹಳೆಯ ರೆಕಾರ್ಡೊಂದರ ಬಗ್ಗೆ ಶ್ಯಾಮಸುಂದರ ಬರೆದ ‘ಊದದವನೇ ಉಸ್ತಾದ’ ಎಂಬ ಅಂಕಣ ಅವನಿಗೆ ಊರೆಲ್ಲ ಹೆಸರು ತಂದಿತ್ತು. ಹೋಟೆಲ್ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನುಡಿಸುತ್ತಿದ್ದ ಐಸಾಕ್ ಅದನ್ನು ಓದಿ, ಆ ರೆಕಾರ್ಡ್ ಕೇಳಲೆಂದೇ ಮನೆಗೆ ಬಂದಿದ್ದ.

ಶ್ಯಾಮಸುಂದರ ರೆಕಾರ್ಡ್ ಹಾಕಿ ಹೇಳಿದ, “ನೋಡಿ, ಕವರಿನ ಮೇಲಿರೋ ಫೋಟೊ ಸ್ಯಾಕ್ಸೋಫೋನಿನವನದ್ದು. ಆದ್ರೆ ಪೂರ್ತಿ ರೆಕಾರ್ಡಲ್ಲಿ ಒಂದ್ಸಲಾನೂ ಊದಲ್ಲ. ಎಲ್ಲಾ ಡ್ರಮ್ಸಿನವನಿಗೇ ಬಿಟ್ಕೊಟ್ಟಿದಾನೆ. ಸಂಯಮ ಅಂದ್ರೆ ಇದು.”

ಐಸಾಕ್ ಕಣ್ಣು ಮುಚ್ಚಿ ಭಕ್ತಿಯಿಂದ ತಲೆದೂಗಿದ.

ಕಾಫಿ ತಂದ ಹೆಂಡತಿ ಮೂಲೆಯ ಕಡೆ ಬಗ್ಗಿ ನೋಡಿದಳು. “ರೀ, ಈ ಸ್ಪೀಕರಿನ ವೈರು ಕಳಚಿಕೊಂಡಿದೆಯಲ್ರೀ. ಈ ಮನೆಗೆ ಬಂದಾಗಿಂದ ಹಿಂಗೇನಾ?” ಎನ್ನುತ್ತಾ ಸಿಕ್ಕಿಸಿದಳು.

ಆ ಕಾಲದ ರೆಕಾರ್ಡುಗಳಲ್ಲಿ ಡ್ರಮ್ಸ್ ಒಂದು ಸ್ಪೀಕರಿಗಾದರೆ ಸ್ಯಾಕ್ಸೋಫೋನ್ ಇನ್ನೊಂದಕ್ಕೆ. ಮೂಲೆಯಿಂದ ಸ್ಯಾಕ್ಸೋಫೋನ್ ಮನೆ ಹಾರಿಹೋಗುವಂತೆ ಮೊಳಗಿತು. ಉಸಿರಾಡಲೂ ಪುರುಸೊತ್ತಿಲ್ಲದವನ ಹಾಗೆ ಆಸಾಮಿ ಊದುತ್ತಲೇ ಇದ್ದ.

ಶ್ಯಾಮಸುಂದರನ ಕಿವಿ ಬಿಸಿಯಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ತಲೆ ಎತ್ತದೆ, “ಹೋಗ್ಲಿ, ಅಂಕಣ ಓದಿದೋರು ಯಾರೂ ಅದನ್ನ ಅಷ್ಟು ಸೀರಿಯಸ್ಸಾಗಿ ತಗೊಂಡಿರಲ್ಲ ಬಿಡಿ,” ಎಂದ.

“ನಾನು ತಗೊಂಡೆ ಸರ್,” ಎಂದ ಐಸಾಕ್ ಮೆಲ್ಲಗೆ. “ಸ್ಟೇಜ್ ಮೇಲೆ ಊದದೆ ಸುಮ್ನೆ ನಿಂತೆ. ಕೆಲಸದಿಂದ ತೆಗೆದುಬಿಟ್ರು.”